ಪದಚರ್ಚೆ: ಮಲಗೆದ್ದರೂ ಆರದ ದಣಿವಿಗೆ ಏನನ್ನೋಣ?

ಗೆಳೆಯರೇ,

‘ಅನ್‌ರೆಸ್ಟ್’ ಎಂಬ ಸಾಕ್ಷ್ಯಚಿತ್ರವನ್ನು ನಮ್ಮಲ್ಲಿ ಒಂದು ಸಣ್ಣ ಗುಂಪು ಕೂತು ನೋಡುವುದಿದೆ. ಇಂಗ್ಲಿಷ್ ಅಷ್ಟಾಗಿ ಬರದವರಿಗೆಂದು ಅದರ ಮಾತುಗಳನ್ನು ತೆರೆಯ ಮೇಲೆ ಓದುವ ಸಾಲುಗಳಾಗಿ (ಸಬ್‌ಟೈಟಲ್) ಕನ್ನಡಕ್ಕೆ ತರುತ್ತಿದ್ದೇನೆ. ಜೆನಿಫರ್ ಬ್ರಿಯಾ ತನ್ನ ಕಾಯಿಲೆಯ ಬಗ್ಗೆ ತಾನೇ ಮಾಡಿದ ಚಿತ್ರ ಇದು. 2017ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಸಲ ತೋರಿಸಿದರು. ಕಾಯಿಲೆಯ ಹೆಸರು ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಚಿಕ್ಕದಾಗಿ ಎಂಇ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂದರೆ ಇನ್ನಷ್ಟು ಜನಕ್ಕೆ ಗೊತ್ತಾಗಬಹುದು. ನನ್ನ ತೊಡಕು ಶುರುವಾಗುವುದೇ ಈ ಎರಡನೇ ಹೆಸರಿನಿಂದ.

ಫಟೀಗ್ ಅಂದರೆ ಆಯಾಸ, ದಣಿವು ಅಂತ ಥಟ್ಟನೆ ಬರೆದುಬಿಡಬಹುದು. ಆದರೆ ಕನ್ನಡದಲ್ಲಿ ದಣಿವು ಆರುವಂಥದ್ದು, ಅಲ್ವಾ? ಮರದ ನೆರಳಲ್ಲಿ ಕೂತು ದಣಿವಾರಿಸಿಕೊಳ್ಳುತ್ತೇವೆ. ಬಂದವರಿಗೆ ನೀರು ಬೆಲ್ಲ ಕೊಟ್ಟು ‘ಆಯಾಸ ಪರಿಹಾರ ಮಾಡ್ಕೊಳ್ಳಿ’ ಅನ್ನುತ್ತೇವೆ. ‘ಸುಸ್ತು’ ಇನ್ನೂ ಹಗುರ, ಮದುವೆ ಮನೆಯಲ್ಲಿ ಓಡಾಡಿ ಬಂದವರೂ ಅದನ್ನೇ ಹೇಳುತ್ತಾರೆ. ಈ ಮೂರೂ ಪದಗಳ ಬೆನ್ನಿಗೇ ‘ಸ್ವಲ್ಪ ಮಲಗೆದ್ದರೆ ಸರಿಹೋಗುತ್ತೆ’ ಅನ್ನುವ ಮಾತು ಅಂಟಿಕೊಂಡಿದೆ. ಎಂಇ ಇರುವವರಿಗೆ ಮಲಗೆದ್ದರೂ ಸರಿಹೋಗುವುದಿಲ್ಲ. ಹಾಗಾಗಿ ನಾನು ಆಯಾಸ ಅಂತ ಬರೆದರೆ, ನೋಡುವವರು ಅವರ ಮಾತನ್ನು ನಂಬದ ಹಾಗೆ ನಾನೇ ಮಾಡಿದಂತಾಗುತ್ತದೆ.

ಸದ್ಯಕ್ಕೆ ನನ್ನ ಮನಸ್ಸು ಒಲಿದಿರುವುದು ‘ನಿತ್ರಾಣ’ಕ್ಕೆ. ಹಳ್ಳಿಯಲ್ಲೂ ಪೇಟೆಯಲ್ಲೂ ನಡೆಯುವ ಮಾತು. ತ್ರಾಣವೇ ಇಲ್ಲ ಅನ್ನುತ್ತದೆ, ಏನು ಕೆಲಸ ಮಾಡಿ ಹೀಗಾಯಿತು ಅಂತ ಕೇಳುವುದಿಲ್ಲ. ‘ಬಳಲಿಕೆ’ಯೂ ಒಳ್ಳೆಯ ಪದವೇ. ಆದರೆ ನನ್ನ ಕಿವಿಗೆ ಅದು ಪುಸ್ತಕದ ಮಾತಾಗಿ ಕೇಳುತ್ತದೆ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಈ ಕಾಯಿಲೆಯ ಮುಖ್ಯ ಗುರುತು ಬರೀ ನಿತ್ರಾಣವಲ್ಲ. ಸ್ವಲ್ಪ ನಡೆದರೆ, ಒಂದಿಷ್ಟು ಓದಿದರೆ, ಎಷ್ಟೋ ಜನಕ್ಕೆ ಸುಮ್ನೆ ಸ್ನಾನ ಮಾಡಿದರೂ ಸಾಕು, ಕಾಯಿಲೆ ಇದ್ದಕ್ಕಿದ್ದಂತೆ ಹೆಚ್ಚಾಗುತ್ತದೆ. ಅದೂ ಆಗಲೇ ಆಗಬೇಕೆಂದಿಲ್ಲ. ಒಂದು ದಿನವೋ ಎರಡು ದಿನವೋ ಕಳೆದ ಮೇಲೆ ಹೊಡೆತ ಬೀಳಬಹುದು, ವಾರಗಟ್ಟಲೆ ಉಳಿಯಬಹುದು. ಬ್ರಿಯಾಗೆ 104 ಡಿಗ್ರಿ ದಾಟಿದ ಜ್ವರದಿಂದ ಇದೆಲ್ಲ ಶುರುವಾಯಿತು. ಕೊನೆಗೊಬ್ಬ ನರರೋಗ ತಜ್ಞರು ಇದು ಮನಸ್ಸಿನಿಂದ ಬಂದದ್ದು ಅಂದರು. ಆಕೆ ಅದನ್ನು ಪರೀಕ್ಷಿಸಿ ನೋಡೋಣವೆಂದು ಅಲ್ಲಿಂದ 2 ಮೈಲಿ ನಡೆದೇ ಮನೆಗೆ ಹೋದರು. ಬಾಗಿಲು ದಾಟುತ್ತಲೇ ಕುಸಿದರು. ಆಮೇಲೆ ಗಂಡ ಪಕ್ಕದ ಕೋಣೆಯಲ್ಲಿ ಬರಿಗಾಲಲ್ಲಿ ನಡೆದ ಸದ್ದೂ, ಹಾಸಿಗೆಯ ಬಟ್ಟೆ ಸರಸರ ಅಂದದ್ದೂ ತಡೆಯಲಾರದ ನೋವು ಕೊಡುತ್ತಿತ್ತಂತೆ. ಮುಂದಿನ ಎರಡು ವರ್ಷದ ಬಹುಪಾಲು ಹಾಸಿಗೆಯಲ್ಲೇ ಕಳೆಯಿತು.

ಹೀಗೆ ಬೀಳುವುದನ್ನು ಇಂಗ್ಲಿಷಿನಲ್ಲಿ ಕಾಯಿಲೆಯವರು ಕ್ರ್ಯಾಶ್ ಅನ್ನುತ್ತಾರೆ. ‘ಕುಸಿತ’ ಅಂದರೆ ಪೇಪರಿನ ಷೇರುಪೇಟೆ ಸುದ್ದಿ ನೆನಪಾಗುತ್ತದೆ. ‘ಮರುಕಳಿಸಿತು’ ಹತ್ತಿರ ಬರುತ್ತದೆ, ಆದರೆ ಅದಕ್ಕೆ ಕಾಯಿಲೆ ಒಮ್ಮೆ ಬಿಟ್ಟು ಹೋಗಿರಬೇಕು. ಇಲ್ಲಿ ಬಿಟ್ಟೇ ಇಲ್ಲವಲ್ಲ. ‘ಉಲ್ಬಣಿಸಿತು’ ಅರ್ಥಕ್ಕೆ ಸರಿ, ಡಾಕ್ಟರ ಚೀಟಿಯಲ್ಲಿ ಸರಿ. ಹಾಸಿಗೆಯಲ್ಲಿ ಮಲಗಿ ಪಿಸುಗುಟ್ಟುವವರ ಬಾಯಲ್ಲಿ ಹೇಗೆ ಹೊಂದುತ್ತದೆ? ತೆರೆಯ ಮೇಲೆ ಸಾಲು ನಿಲ್ಲುವುದು ಎರಡು ಮೂರು ಸೆಕೆಂಡು, ವಿವರಿಸಿ ಬರೆಯಲು ಜಾಗವಿಲ್ಲ. ‘ನಿನ್ನೆ ಎದ್ದು ಓಡಾಡಿದ್ದಕ್ಕೆ ಇವತ್ತು ಬಿದ್ದುಬಿಟ್ಟೆ’ ಅಂತ ಒಂದು ಕಡೆ ಹಾಕಿದ್ದೇನೆ. ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ಖಂಡಿತ ಬೇಕು.

ಕ್ರಾನಿಕ್ ಅನ್ನುವುದಕ್ಕೆ ‘ದೀರ್ಘಕಾಲೀನ’ ಬೇಡವೆನಿಸಿತು. ನಮ್ಮಲ್ಲಿ ಜ್ವರ ಬರುತ್ತದೆ, ಜ್ವರ ಬಿಡುತ್ತದೆ. ಹಾಗಾಗಿ ‘ಬಿಡದ ಕಾಯಿಲೆ’ ಎಂದಿದ್ದೇನೆ.

ಇನ್ವಿಸಿಬಲ್ ಇಲ್ನೆಸ್ ಅನ್ನುವುದಕ್ಕೂ ಇಷ್ಟೇ ಯೋಚಿಸಿದೆ. ‘ಅದೃಶ್ಯ’ದಲ್ಲಿ ಮಾಯಾಮಂತ್ರದ ವಾಸನೆ ಇದೆ. ‘ಕಾಣದ ಕಾಯಿಲೆ’ ಚೆನ್ನಾಗಿದೆ, ಆದರೆ ಯಾರಿಗೆ ಕಾಣದ್ದು? ಅನುಭವಿಸುವವರಿಗೆ ಅದು ಕ್ಷಣಕ್ಷಣವೂ ಕಾಣುತ್ತಿರುತ್ತದೆ. ‘ಹೊರಗೆ ಕಾಣದ ಕಾಯಿಲೆ’ ಅಂದರೆ ಸರಿಯಾದೀತು. ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ’ ಅನ್ನುವ ಮಾತಿಗೆ ಅದರಲ್ಲೇ ಉತ್ತರ ಇದೆ. ಬ್ರಿಯಾ ಫೋನಿನಲ್ಲಿ ತನ್ನನ್ನು ತಾನೇ ಚಿತ್ರಿಸಿಕೊಳ್ಳಲು ಶುರುಮಾಡಿದ್ದೂ ಡಾಕ್ಟರಿಗೆ ತೋರಿಸಬೇಕೆಂದೇ.

ಪದ ಸರಿಯಿರಲಿ ಅಂತ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸಿಬ್ಬಂದಿಯಲ್ಲೇ 292 ಜನಕ್ಕೆ ಇಂಥದೇ ಕಾಯಿಲೆ ಬಂದು, ಆಸ್ಪತ್ರೆಯನ್ನೇ ಕೆಲವು ತಿಂಗಳು ಮುಚ್ಚಿದ್ದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕಡತ ಓದಿ, ಅದು ಸಾಮೂಹಿಕ ಹಿಸ್ಟೀರಿಯಾ, ಅಂದರೆ ಮನಸ್ಸಿನ ಉದ್ವೇಗ ಒಬ್ಬರಿಂದೊಬ್ಬರಿಗೆ ಹರಡಿದ್ದು ಎಂದು ಬರೆದರು. ಬಿದ್ದವರಲ್ಲಿ ಹೆಂಗಸರು ಜಾಸ್ತಿ ಅನ್ನುವುದೂ ಅವರಿಗೆ ಒಂದು ಸಾಕ್ಷಿಯಾಗಿತ್ತು. 1988ರಲ್ಲಿ ಅಮೆರಿಕದಲ್ಲಿ ಫಟೀಗ್ ಹೆಸರು ಬಂತು. ಆ ಹೆಸರಿನಿಂದಲೇ ಜನ ನಮ್ಮನ್ನು ಹಗುರವಾಗಿ ಕಾಣುತ್ತಾರೆಂದು ಕಾಯಿಲೆಯವರು ಇವತ್ತಿಗೂ ದೂರುತ್ತಾರೆ. ಕನ್ನಡದಲ್ಲಿ ಇನ್ನೂ ಯಾವ ಹೆಸರೂ ಗಟ್ಟಿಯಾಗಿ ಊರಿಲ್ಲ. ಹಾಗಿದ್ದಾಗ ಅದೇ ನೋವನ್ನು ಇಲ್ಲಿಗೂ ಯಾಕೆ ತರಬೇಕು?

ಕೊನೆಯದೊಂದು. ಎಂಇ ಇರುವವರ ಪರವಾಗಿ ನಡೆಯುವ ‘ಮಿಲಿಯನ್ಸ್ ಮಿಸ್ಸಿಂಗ್’ ಎಂಬ ಪ್ರತಿಭಟನೆಯಲ್ಲಿ, ಎದ್ದು ಬರಲಾಗದವರ ಖಾಲಿ ಚಪ್ಪಲಿ, ಶೂಗಳನ್ನು ಸಾಲಾಗಿ ಇಡುತ್ತಾರೆ. ಈ ‘ಮಿಸ್ಸಿಂಗ್’ಗೆ ‘ಕಾಣೆಯಾದವರು’ ಅಂದರೆ ಪೊಲೀಸ್ ಪ್ರಕಟಣೆ ಆಗುತ್ತದೆ. ‘ಇಲ್ಲವಾದವರು’ ಅಂದರೆ ಸತ್ತವರು. ಇವರು ಮನೆಯಲ್ಲೇ ಇದ್ದಾರೆ, ಆದರೆ ಕೆಲಸದಲ್ಲಿ, ಸ್ಕೂಲಿನಲ್ಲಿ, ನೆಂಟರ ಮದುವೆಯಲ್ಲಿ ಇಲ್ಲ. ನನಗಿನ್ನೂ ಪದ ಸಿಕ್ಕಿಲ್ಲ.

ಧಾರವಾಡ, ಕಲಬುರಗಿ ಕಡೆಯವರು ಕಾಯಿಲೆಗೆ ‘ಜಡ್ಡು’, ‘ಬ್ಯಾನಿ’ ಬಳಸುತ್ತೀರಲ್ಲ, ಒಳಗೊಳಗೇ ಇದ್ದು ವರ್ಷಗಟ್ಟಲೆ ಎಳೆಯುವ ಜಡ್ಡಿಗೆ ಬೇರೆ ಹೆಸರಿದೆಯಾ? ಕರಾವಳಿ, ಮಲೆನಾಡಿನವರೂ ಹೇಳಿ. ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ, ಅವರು ತಮ್ಮ ಬಾಯಲ್ಲಿ ಏನನ್ನುತ್ತಾರೋ ಅದನ್ನೇ ಬರೆದು ಕಳಿಸಿ. ನಿಘಂಟಿನ ಪದಕ್ಕಿಂತ ಅದೇ ನನಗೆ ಬೇಕಾದ್ದು.