ಸಣ್ಣ ಮಾಡೆಲ್‌ಗೆ ಬಣ್ಣ ಹಚ್ಚುವಾಗ ಕೈ ನಡುಗ್ತದೆ, ಎಂತ ಮಾಡೋದು?

ಕಾಳಿ_ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕಿಟ್ ಕಟ್ಟೋ ಹುಚ್ಚು ನಂಗೆ ಹಳೇದು, ಆದ್ರೆ ಇಷ್ಟು ವರ್ಷ ಬರೀ ವಿಮಾನ ಮಾಡಿದ್ದು. ಅದ್ರಲ್ಲಿ ಸ್ಪ್ರೇ ಹೊಡೆದು ಡಿಕಾಲ್ ಅಂಟಿಸಿದ್ರೆ ಮುಗೀತು, ಬ್ರಷ್ ಹಿಡಿದು ಸೂಕ್ಷ್ಮ ಕೆಲಸ ಮಾಡೋ ಪ್ರಸಂಗನೇ ಬರ್ಲಿಲ್ಲ. ಈಗ ನಮ್ಮ ಟಾಗೋರ್ ಬೀಚ್ ಹತ್ರ ಐಎನ್‌ಎಸ್ ಚಪಲ್ ನಿಲ್ಲಿಸಿದಾರಲ್ಲ, ಅದೇ ಓಸಾ ಕ್ಲಾಸ್ ಮಿಸೈಲ್ ಬೋಟಿನ 1/72 ಕಿಟ್ (ಅಸಲಿಯ 72ರಲ್ಲಿ ಒಂದು ಪಾಲಿನ ಅಳತೆ) ಶುರು ಮಾಡಿದೇನೆ. ಅಸಲಿ ಬೋಟು 38 ಮೀಟರ್ ಚಿಲ್ಲರೆ ಉದ್ದ, ಅಂದ್ರೆ ಮಾಡೆಲ್ಲೇ ಅರ್ಧ ಮೀಟರಿಗಿಂತ ದೊಡ್ಡದು.

ತೊಂದ್ರೆ ಬೋಟಲ್ಲಲ್ಲ, ಅದ್ರ ಡೆಕ್ ಮೇಲೆ ನಿಲ್ಸೋಕೆ ಅಂತ ತಂದ ನೇವಿಯವ್ರಲ್ಲಿ. ಒಬ್ಬೊಬ್ಬ ಎರಡೂಕಾಲು ಸೆಂಟಿಮೀಟರ್ ಇದ್ರೆ ಹೆಚ್ಚು. ಬ್ರಷ್ ತುದಿ ಮುಖದ ಹತ್ರ ಹೋಗೋವರೆಗೆ ಎಲ್ಲ ಸರಿ, ಇನ್ನೇನು ಮುಟ್ಬೇಕು ಅನ್ನೋವಾಗ ಕೈ ನಡುಗೋಕೆ ಶುರು, ಉಸಿರು ಬಿಗಿ ಹಿಡಿದ್ರೆ ಇನ್ನೂ ಜಾಸ್ತಿ. ಟೋಪಿ ಬಿಳಿ ಹಣೆಗೆ ಬಂತು, ಹಣೆ ಬಣ್ಣ ಟೋಪಿಗೆ ಹೋಯ್ತು. ವಯಸ್ಸು ಇನ್ನೂ ನಲವತ್ತು ದಾಟ್ಲಿಲ್ಲ ಮಾರಾಯ್ರೆ. ಅಂಗಡಿಯವ್ರು ಮೂರು ಸೊನ್ನೆ (000, ತೀರಾ ಸಣ್ಣ ತುದಿಯ) ಬ್ರಷ್ ತಗೊಳ್ಳಿ ಅಂತಾರೆ, ಆಫೀಸಲ್ಲಿ ಒಬ್ರು ಕೈ ನಡುಕಕ್ಕೆ ಏನೋ ಮಾತ್ರೆ ಇದೆ ಅಂತಾರೆ. ಕೈಗೆ ಎಕ್ಸರ್‌ಸೈಜ್ ಏನಾದ್ರೂ ಇದ್ಯಾ? ಅಭ್ಯಾಸದಿಂದ ಹೋಗ್ತದಾ ಇಲ್ವಾ?

ಬೆಲೇಕೇರಿ_ಬಣ್ಣ (ಅಂಕೋಲಾ)

ಕೈ ಎಲ್ಲರದ್ದೂ ನಡುಗ್ತದೆ. ನನ್ನದೂ ನಡುಗ್ತದೆ, ಚೆಂದ ಪೇಂಟ್ ಮಾಡೋ ಯಾರ ಕೈ ನೋಡಿ, ಗಾಳಿಯಲ್ಲಿ ಚಾಚಿ ಹಿಡಿಯೋಕೆ ಹೇಳಿ, ನಡುಗ್ತದೆ. ಅದನ್ನ ನಿಲ್ಸೋಕೆ ಹೋಗಿ ಸುಸ್ತಾಗ್ಬೇಡಿ. ನೀವು ನೋಡ್ಬೇಕಾದ್ದು ಬ್ರಷ್ಷಿಗೂ ಬೊಂಬೆಗೂ ನಡುವಿನ ಅಲುಗಾಟ ಮಾತ್ರ. ಎರಡೂ ಕೈ ಒಂದಕ್ಕೊಂದು ತಾಗಿ ಕೂತ್ರೆ ಬೊಂಬೆನೂ ಬ್ರಷ್ಷೂ ಒಟ್ಟಿಗೆ ಅಲ್ಲಾಡ್ತಾವೆ, ಆಗ ನಡುಗಿದ್ರೂ ಲೆಕ್ಕಕ್ಕಿಲ್ಲ.

ಹೇಗೆ ಅಂದ್ರೆ, ಮೊದ್ಲು ಬೊಂಬೆನ ಬರಿಗೈಲಿ ಪಾದ ಹಿಡ್ಕೊಂಡು ಮಾಡ್ಬೇಡಿ, ಹಳೇ ಮಾತ್ರೆ ಡಬ್ಬಿ ಇಲ್ಲ ದಪ್ಪ ಬಿರಡೆ ಮೇಲೆ ಬ್ಲೂ ಟ್ಯಾಕ್ (ಮತ್ತೆ ಕೀಳೋಕಾಗೋ ಅಂಟು ಮುದ್ದೆ) ಹಾಕಿ ನಿಲ್ಸಿ. ಮುಷ್ಟಿ ತುಂಬ ಹಿಡಿಯೋ ಹಾಗಿರ್ಬೇಕು, ಬೆರಳ ತುದಿಲಿ ಬಿಗಿ ಹಿಡಿದಷ್ಟೂ ನಡುಕ ಜಾಸ್ತಿ. ಎರಡೂ ಮೊಣಕೈ ಮೇಜಿನ ಮೇಲೆ. ಎರಡೂ ಅಂಗೈಯ ಬುಡ, ಮಣಿಕಟ್ಟಿನ ಹತ್ರ ದಪ್ಪ ಇರ್ತದಲ್ಲ ಆ ಜಾಗ, ಒಂದಕ್ಕೊಂದು ಒತ್ತಿ ಕೂರ್ಲಿ. ಬ್ರಷ್ ಹಿಡಿದ ಕೈಯ ಕಿರುಬೆರಳು ಆ ಡಬ್ಬಿಗೆ ತಾಗಿರ್ಲಿ. ಈಗ ಅಲ್ಲಾಡೋದು ಎರಡು ಬೆರಳು ಮಾತ್ರ, ತೋಳಲ್ಲ.

ಮೇಜು ತಗ್ಗಿದ್ರೆ ಬಗ್ಗಿ ಕೂರ್ತೀರಿ, ಭುಜ ಬಿಗೀತದೆ, ಆ ಬಿಗಿ ನೇರ ಬೆರಳಿಗೆ ಬರ್ತದೆ. ಮೊಣಕೈ ಕೆಳಗೆ ಒಂದೆರಡು ದಪ್ಪ ಪುಸ್ತಕ ಇಟ್ಟು ಬೊಂಬೆನ ಎದೆ ಮಟ್ಟಕ್ಕೆ ತನ್ನಿ. ಗೆರೆ ಎಳೆಯೋದು ಯಾವಾಗ್ಲೂ ನಿಮ್ಮ ಕಡೆಗೆ, ದೂರಕ್ಕೆ ತಳ್ಳಿ ಎಳೀಬೇಡಿ. ಕೈಗೆ ಅಡ್ಡ ಬಂದ್ರೆ ಕೈ ಸೊಟ್ಟ ಮಾಡೋ ಬದ್ಲು ಬೊಂಬೆನೇ ತಿರುಗ್ಸಿ, ತಲೆಕೆಳಗೆ ಮಾಡಿದ್ರೂ ಅದೇನು ಬೇಜಾರು ಮಾಡ್ಕೊಳ್ಳೋದಿಲ್ಲ.

ಉಸಿರು ಬಿಗಿ ಹಿಡಿಯೋದು ಬಿಡಿ. ಅರ್ಧ ಉಸಿರು ಬಿಟ್ಟು, ಅಲ್ಲೇ ಒಂದು ಕ್ಷಣ ತಾನಾಗಿ ನಿಲ್ತದಲ್ಲ, ಆಗ ಒಂದು ಸ್ಟ್ರೋಕ್, ಮತ್ತೆ ಉಸಿರು.

ತಟ್ಟೀಸರದ_ಹುಡುಗ (ಶಿರಸಿ)

ಮೇಲಿನವ್ರು ಹೇಳಿದ್ದು ಸರಿ ಇದೆ. ಮೂರು ಸೊನ್ನೆ ಬ್ರಷ್ ಬಗ್ಗೆ ನಂದೊಂದು ತಕರಾರು. ಅಷ್ಟು ಸಣ್ಣ ಬ್ರಷ್ಷಲ್ಲಿ ಬಣ್ಣನೇ ನಿಲ್ಲೋದಿಲ್ಲ, ಪ್ಯಾಲೆಟ್ಟಿಂದ ಮುಖಕ್ಕೆ ಬರೋದ್ರೊಳಗೆ ತುದಿ ಒಣಗ್ತದೆ, ಒಣಗಿದ್ದಕ್ಕೆ ನೀವು ಒತ್ತಿ ಹಚ್ತೀರಿ, ಒತ್ತಿದ್ದಕ್ಕೆ ಕೈ ನಡುಗ್ತದೆ, ಆಮೇಲೆ ತಪ್ಪೆಲ್ಲ ಕೈಯ ತಲೆಗೆ. ನಂಬರ್ 1 ತಗೊಳ್ಳಿ, ಹೊಟ್ಟೆ ದಪ್ಪ ಇರ್ಲಿ ತುದಿ ಸೂಜಿ ಹಂಗಿರ್ಲಿ. ಕೊಲಿನ್‌ಸ್ಕಿ ಅನ್ನೋ ಪ್ರಾಣಿಯ ಕೂದಲಿಂದು ದುಬಾರಿ ಹೌದು ಆದ್ರೆ ಚೆಂದ ತೊಳೆದಿಟ್ರೆ ತುದಿ ಬಹಳ ಕಾಲ ನಿಲ್ತದೆ. ಸಿಂಥೆಟಿಕ್‌ದು ಸ್ವಲ್ಪ ದಿನದಲ್ಲೇ ತುದಿ ಕೊಕ್ಕೆ ಆಗ್ತದೆ, ಅದು ಬೇಸ್ ಕೋಟಿಗೆ ಸಾಕು.

ಬಣ್ಣ ತೆಳು ಮಾಡಿ. ದಪ್ಪ ಅಕ್ರಿಲಿಕ್ ಗೆರೆಯಾಗಿ ಹರಿಯೋದಿಲ್ಲ. ಬಣ್ಣ ಒಣಗದಂಗೆ ಇಡೋ ವೆಟ್ ಪ್ಯಾಲೆಟ್ ಅಂತ ದುಡ್ಡು ಕೊಟ್ಟು ತರೋದು ಬೇಡ, ಅಗಲ ಸ್ಟೀಲ್ ಡಬ್ಬಿ, ಅದ್ರಲ್ಲಿ ಒದ್ದೆ ಸ್ಪಾಂಜು, ಮೇಲೆ ಬೇಕಿಂಗ್ ಪೇಪರ್. ಮೇಣ ಹಚ್ಚಿದ ಪೇಪರ್ ತರ್ಬೇಡಿ, ಅದ್ರಲ್ಲಿ ನೀರು ಮೇಲೆ ಬರೋದಿಲ್ಲ.

ಇನ್ನು ಕೂರೋ ಹೊತ್ತು. ನಮ್ಮಲ್ಲಿ ಅಡಿಕೆ ಸುಲಿಯೋ ದಿನ ರಾತ್ರಿ ನಾನು ಬ್ರಷ್ ಮುಟ್ಟೋದೇ ಇಲ್ಲ, ಮೆಟ್ಟುಗತ್ತಿ ಮುಂದೆ ಕೂತು ಎದ್ದ ತೋಳು ಲೋಟ ಹಿಡಿದ್ರೂ ನಡುಗ್ತದೆ, ಸ್ನಾಯು ದಣಿದ್ರೆ ಹಾಗೇ. ದೇವಿಮನೆ ಘಾಟಿ ಹತ್ತಿ ಬೈಕಲ್ಲಿ ಬಂದ ಕೂಡ್ಲೇನೂ ಅಷ್ಟೇ. ಚಾ ಕುಡಿದ ತಕ್ಷಣ ಬೇಡ, ಹೊಟ್ಟೆ ಹಸಿದಾಗ ಬೇಡ, ನಿದ್ದೆಗೆಟ್ಟ ಮರುದಿನ ಬೇಡ. ತಂಬಾಕು ಹಾಕಿ ಕವಳ ಜಗಿಯೋರು ಕೈ ನಡುಗ್ತದೆ ಅಂತ ಬಂದ್ರೆ ನಾ ಮಾತೇ ಆಡೋದಿಲ್ಲ. ಕಷಾಯ ಕುಡೀರಿ, ಕೊತ್ತಂಬರಿ ಜೀರಿಗೆ ಹಾಲು ಬೆಲ್ಲ, ಕೆಫೀನೂ ಇಲ್ಲೆ ಎಂತದೂ ಇಲ್ಲೆ, ಅಡ್ಡಿಲ್ಲೆ.

ಕಾಳಿ_ದಂಡೆ (ಕಾರವಾರ)

ಇಬ್ಬರಿಗೂ ಥ್ಯಾಂಕ್ಸ್. ಕೈ ಜೋಡಿಸಿ ಕೂತು ನೋಡ್ದೆ, ಬೊಂಬೆ ವಿಷಯದಲ್ಲಿ ನಿಜಕ್ಕೂ ವ್ಯತ್ಯಾಸ ಇದೆ. ಆದ್ರೆ ಬೋಟಿಗೆ ಹೇಗೆ? ಅರ್ಧ ಮೀಟರ್ ಬೋಟಿನ ಒಡಲನ್ನ ಡಬ್ಬಿ ಮೇಲೆ ಕೂರ್ಸೋಕಾಗಲ್ಲ, ಒಂದು ಕೈಲಿ ಹಿಡ್ಕೊಳ್ಳೋಕೂ ಆಗಲ್ಲ, ವಾಟರ್‌ಲೈನ್ (ನೀರು ಮುಟ್ಟೋ ಮಟ್ಟ) ಮೇಲೆ ಕಪ್ಪು ಪಟ್ಟಿ ಬೇರೆ ಬರ್ಬೇಕು. ಇನ್ನೊಂದು, ಮಳೆಗಾಲದಲ್ಲಿ ನಂಗೆ ಉಬ್ಬಸ ಇದೆ, ಇನ್‌ಹೇಲರ್ ತಗೊಳ್ತೇನೆ. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ? ತಗೊಂಡ ಮೇಲೆ ಜಾಸ್ತಿ ಅನ್ನಿಸ್ತದೆ, ಮನಸ್ಸಿನ ಭ್ರಮೆಯೋ ಗೊತ್ತಿಲ್ಲ.

ಕುಮಟಾ_ಫಿಸಿಯೋ

ಭ್ರಮೆ ಅಲ್ಲ. ಸಾಲ್ಬುಟಮಾಲ್ ಇರೋ ಇನ್‌ಹೇಲರ್ ಆದ್ರೆ ಕೈ ನಡುಕ ಅದ್ರ ಗೊತ್ತಿರೋ ಸೈಡ್ ಎಫೆಕ್ಟ್, ಕೆಲವು ಗಂಟೆಲಿ ಇಳೀತದೆ. ಅದಕ್ಕಂತ ಇನ್‌ಹೇಲರ್ ಬಿಡೋ ಯೋಚ್ನೆ ಮಾಡ್ಬೇಡಿ, ಪೇಂಟಿಂಗ್ ಕೂರೋ ಹೊತ್ತನ್ನ ಆಚೀಚೆ ಮಾಡ್ಕೊಳ್ಳಿ ಅಷ್ಟೇ. ಪದೇ ಪದೇ ಬೇಕಾಗ್ತಿದ್ರೆ ಡಾಕ್ಟರಿಗೆ ಹೇಳಿ, ಉಬ್ಬಸನೇ ಹಿಡಿತದಲ್ಲಿಲ್ಲ ಅಂತ ಅರ್ಥ.

ಆ ಆಫೀಸಿನವ್ರು ಹೇಳಿದ ಮಾತ್ರೆ ಬಹುಶಃ ಪ್ರೊಪ್ರನೊಲಾಲ್. ನಡುಕ ಕಮ್ಮಿ ಮಾಡೋದು ಹೌದು, ಎಷ್ಟು ಅಂದ್ರೆ ಶೂಟಿಂಗ್, ಬಿಲ್ಲುಗಾರಿಕೆ ಸ್ಪರ್ಧೆಲಿ ಆ ಜಾತಿ ಮದ್ದೇ ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಒಬ್ಬ ಇದೇ ತಗೊಂಡು ಸಿಕ್ಕಿಬಿದ್ದು ಎರಡು ಪದಕ ಕಳ್ಕೊಂಡ. ಆದ್ರೆ ಉಬ್ಬಸ ಇದ್ದೋರಿಗೆ ಅದು ಅಪಾಯ, ಶ್ವಾಸನಾಳ ಬಿಗಿಯಾಗ್ತದೆ. ನೀವಂತೂ ಯಾರ ಮಾತು ಕೇಳಿಯೂ ಅದನ್ನ ನುಂಗ್ಬೇಡಿ.

ಬೆಲೇಕೇರಿಯವ್ರು ಹೇಳಿದಂತೆ ಎಲ್ಲರ ಕೈಲೂ ಸಣ್ಣ ನಡುಕ ಇರ್ತದೆ, ಸೆಕೆಂಡಿಗೆ 8ರಿಂದ 12 ಸಲದಷ್ಟು, ಸುಮ್ನೆ ಕಣ್ಣಿಗೆ ಕಾಣೋದಿಲ್ಲ. ಕೆಫೀನು, ಹೆದರಿಕೆ, ದಣಿವು ಅದನ್ನ ದೊಡ್ಡದು ಮಾಡ್ತಾವೆ. ಡಾಕ್ಟರ್ ಹತ್ರ ಹೋಗ್ಬೇಕಾದ್ದು ಯಾವಾಗ ಅಂದ್ರೆ, ನೀರಿನ ಲೋಟ ಬಾಯಿಗೆ ತರುವಾಗ, ಸಹಿ ಹಾಕುವಾಗ ಕೂಡ ನಡುಗ್ತಿದ್ರೆ, ಮನೇಲಿ ಅಪ್ಪಂಗೋ ಅಜ್ಜಂಗೋ ಹಾಗೇ ಇದ್ದಿದ್ರೆ, ಕೈ ಸುಮ್ನೆ ತೊಡೆ ಮೇಲೆ ಇಟ್ಟಾಗ್ಲೇ ನಡುಗ್ತಿದ್ರೆ, ಇಲ್ಲ ಒಂದೇ ಕೈ ನಡುಗ್ತಿದ್ರೆ. ತೂಕ ಇಳೀತಾ ಎದೆ ಡವಡವ ಅಂತಿದ್ರೆ ಥೈರಾಯ್ಡ್ ಟೆಸ್ಟ್ ಮಾಡ್ಸಿ. ನೀವು ಹೇಳಿದ್ದು ನೋಡಿದ್ರೆ ಅಂಥದ್ದೇನೂ ಕಾಣೋದಿಲ್ಲ.

ಎಕ್ಸರ್‌ಸೈಜ್ ಕೇಳಿದ್ರಿ. ಸ್ಪಾಂಜ್ ಚೆಂಡು ಹಿಸುಕಿ ಗೆರೆ ನೆಟ್ಟಗಾಗೋದಿಲ್ಲ, ಪೇಂಟ್ ಮಾಡೋ ಮೊದ್ಲು ಹಿಸುಕಿದ್ರೆ ಉಲ್ಟಾನೇ. ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗ್ಸಿ, ಬೆರಳು ಬಿಚ್ಚಿ ಮುಚ್ಚಿ. ಅಭ್ಯಾಸ ಅಂದ್ರೆ ಪೇಂಟ್ ಮಾಡೋದೇ.

ಚೌಕಿ_ಕನ್ನಡಿ (ಹೊನ್ನಾವರ)

ನಾನು ಮಾಡೆಲ್ ಮಾಡೋಕೆ ಬಂದಿದ್ದು ತಡ, ಆದ್ರೆ ಹವ್ಯಾಸಕ್ಕೆ ಯಕ್ಷಗಾನ ವೇಷ ಹಾಕ್ತೇನೆ, ಮುಖಕ್ಕೆ ಬಣ್ಣ ನಾವೇ ಬರ್ಕೊಳ್ಬೇಕು. ಚೌಕಿಲಿ (ವೇಷ ಹಾಕೋ ಜಾಗ) ಕೂತು ನೋಡಿ, ಹಿರಿಯರು ಹುಬ್ಬು ತಿದ್ದುವಾಗ, ನಾಮ ಎಳೆಯುವಾಗ ಕಿರುಬೆರಳು ಕೆನ್ನೆ ಮೇಲೇ ಇರ್ತದೆ. ರಾಕ್ಷಸ ವೇಷಕ್ಕೆ ಅಕ್ಕಿ ಹಿಟ್ಟು ಸುಣ್ಣದ ಚುಟ್ಟಿ ಒಂದೊಂದಾಗಿ ಇಡುವಾಗ್ಲೂ ಕೈ ಗಾಳಿಲಿ ಇರೋದಿಲ್ಲ. ಹಾಗಾಗಿ ಕೈ ಊರೋ ವಿಷಯ ನಂಗೆ ಯಾರೂ ಹೇಳ್ಕೊಡ್ಬೇಕಾಗ್ಲಿಲ್ಲ.

ಯಾರೂ ಹೇಳದ ಒಂದು ಮಾತು ಹೇಳ್ತೇನೆ. ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದು ಸರಿ ಇದ್ರೆ ಸ್ಥಿರ ಕೈ ಅಷ್ಟೊಂದು ಬೇಕಾಗೋದೇ ಇಲ್ಲ. 28 ಮಿಲಿಮೀಟರಿನ ಗೇಮಿಂಗ್ ಬೊಂಬೆಗಳಿಗೆ ತಲೆ ದೊಡ್ಡದು, ಕಣ್ಣು ಬರೀಲೇಬೇಕು. ಆಗ ಕಣ್ಣು ಮೊದ್ಲು ಮಾಡಿ. ಕಣ್ಣಿನ ಜಾಗಕ್ಕೆ ಬಿಳಿ ಹೇಗೆ ಹರಡಿದ್ರೂ ಪರ್ವಾಗಿಲ್ಲ, ಮೇಲಿಂದ ಕೆಳಗೆ ಒಂದು ಕಪ್ಪು ಗೀಟು ಎಳೀರಿ, ಆಮೇಲೆ ಚರ್ಮದ ಬಣ್ಣದಿಂದ ಸುತ್ತ ಮುಚ್ತಾ ಬನ್ನಿ, ಕಣ್ಣು ತಾನೇ ಉಳೀತದೆ. ಒಳಗಿಂದ ಹೊರಗೆ ಬರೋದು ಅಂತ ಇಟ್ಕೊಳ್ಳಿ, ಚರ್ಮ, ಅಂಗಿ, ಬೆಲ್ಟು, ಕೊನೆಗೆ ಟೋಪಿ.

ನಿಮ್ಮ 1/72 ನೇವಿಯವ್ರ ವಿಷಯ ಬೇರೆ. ಲೆಕ್ಕ ಹಾಕಿ, ಮನುಷ್ಯನ ಕಣ್ಣು ಮೂರು ಸೆಂಟಿಮೀಟರ್ ಅಗಲ ಅಂದ್ರೆ ನಿಮ್ಮ ಬೊಂಬೆಗೆ 0.4 ಮಿಲಿಮೀಟರ್. ಅದಕ್ಕೆ ಬಿಳಿ ಇಟ್ಟು ಕಪ್ಪು ಚುಕ್ಕೆ ಇಟ್ರೆ ದೆವ್ವ ಕಂಡವ್ರ ಹಾಗೆ ಕಾಣ್ತಾರೆ. ಚರ್ಮದ ಬಣ್ಣ ಹಚ್ಚಿ, ತೆಳು ಕಂದು ವಾಷ್ (ನೀರು ನೀರಾದ ಬಣ್ಣ) ಬಿಡಿ, ಅದು ತಾನಾಗೇ ಕಣ್ಣ ಗುಳಿಗೆ ಇಳೀತದೆ, ಒಣಗಿದ ಮೇಲೆ ಮೂಗಿಗೆ ಕೆನ್ನೆಗೆ ಸ್ವಲ್ಪ ತಿಳಿ ಬಣ್ಣ. ಮುಗೀತು. ವಾಷಿಗೂ ಡ್ರೈ ಬ್ರಷ್ಷಿಗೂ (ಬಹುಪಾಲು ಬಣ್ಣ ಒರೆಸಿದ ಬ್ರಷ್ಷಲ್ಲಿ ಉಬ್ಬಿನ ಮೇಲೆ ಸವರೋದು) ನಡುಗೋ ಕೈ ಸಾಕು!

ಗೆರೆ ಹೊರಗೆ ಹೋಯ್ತು ಅಂದ್ರೆ ಒರೆಸೋಕೆ ಪಕ್ಕದಲ್ಲೇ ಒಂದು ಒದ್ದೆ ಸ್ವಚ್ಛ ಬ್ರಷ್ ಇಟ್ಕೊಂಡಿರಿ. ಅಕ್ರಿಲಿಕ್ ಹಸಿ ಇದ್ದಾಗ ಎದ್ದು ಬರ್ತದೆ. ಒರೆಸ್ಬಹುದು ಅಂತ ಗೊತ್ತಿದ್ರೆ ಹೆದರಿಕೆ ಇರೋದಿಲ್ಲ, ಹೆದರಿಕೆ ಹೋದ್ರೆ ಅರ್ಧ ನಡುಕ ಹೋಯ್ತು.

ತದಡಿ_ಬಂದರು

ಬೋಟಿನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ ನೋಡಿ, ನಾ ಹೇಳ್ತೆ. ಉದ್ದ ನೆಟ್ಟಗಿನ ಗೆರೆಗೆ ಕೈ ಉಪಯೋಗಿಸೋದೇ ತಪ್ಪು. ವಾಟರ್‌ಲೈನ್ ಪಟ್ಟಿಗೆ ಮಾಸ್ಕಿಂಗ್ ಟೇಪ್. ಹಾರ್ಡ್‌ವೇರ್ ಅಂಗಡಿ ಅಗಲ ಟೇಪ್ ಅಂಚು ಒರಟು, ಬಣ್ಣ ಅಡಿಗೆ ನುಗ್ತದೆ, ಮಾಡೆಲ್ಲಿಗೆ ಅಂತ್ಲೇ ಬರೋ ತಮಿಯಾ ಟೇಪ್ ತಗೊಳ್ಳಿ. ಪೆನ್ಸಿಲನ್ನ ಒಂದು ಮರದ ತುಂಡಿನ ಮೇಲೆ ಅಡ್ಡ ಕಟ್ಟಿ, ಬೋಟಿನ ಒಡಲನ್ನ ಸಮಾ ಮೇಜಿನ ಮೇಲೆ ಅಲ್ಲಾಡದಂಗೆ ಇಟ್ಟು, ಆ ತುಂಡನ್ನ ಸುತ್ತ ಜಾರಿಸ್ತಾ ಹೋದ್ರೆ ಒಂದೇ ಎತ್ತರದ ಗುರುತು ಬೀಳ್ತದೆ. ಟೇಪ್ ಅಂಟಿಸಿ, ಅಂಚಿಗೆ ಮೊದ್ಲು ಅಡಿ ಬಣ್ಣನೇ ಒಂದು ಕೈ ಹಚ್ಚಿ, ಸೋರೋದಿದ್ರೆ ಅದೇ ಸೋರಿ ಸಂದು ಮುಚ್ತದೆ, ಅದ್ರ ಮೇಲೆ ಕಪ್ಪು.

ಡೆಕ್ಕಿನ ಸಣ್ಣ ಪುಟ್ಟ ಕೆಲಸಕ್ಕೆ ಸೇತುವೆ ಮಾಡ್ಕೊಳ್ಳಿ. ಬೋಟಿನ ಎರಡೂ ಬದಿ ಪುಸ್ತಕ ಪೇರಿಸಿ, ಡೆಕ್ಕಿಗಿಂತ ಸ್ವಲ್ಪ ಎತ್ತರ ಬರ್ಲಿ, ಮೇಲೆ ಅಡ್ಡಕ್ಕೆ ಗಟ್ಟಿ ಮರದ ಪಟ್ಟಿ. ಅದ್ರ ಮೇಲೆ ಅಂಗೈ ಊರಿ ಬರೀರಿ. ನಮ್ಮ ಬಂದರಲ್ಲಿ ಬೋಟಿನ ಮೂತಿ ಮೇಲೆ ಹೆಸರು ಬರೆಯೋ ಪೇಂಟರು ತುದಿಗೆ ಬಟ್ಟೆ ಉಂಡೆ ಕಟ್ಟಿದ ಕೋಲು ಎಡಗೈಲಿ ಹಿಡಿದು ಅದ್ರ ಮೇಲೆ ಬಲಗೈ ಇಡ್ತಾರೆ, ಹಸಿ ಬಣ್ಣಕ್ಕೆ ಕೈ ತಾಗಬಾರ್ದು ಅಂತ. ಚಾಪ್‌ಸ್ಟಿಕ್ ತುದಿಗೆ ಹತ್ತಿ ಕಟ್ಟಿದ್ರೆ ನಿಮ್ಗೂ ಅದೇ.

ಮಳೆಗಾಲದಲ್ಲಿ ವಾರ್ನಿಶ್ ಸ್ಪ್ರೇ ಹೊಡೀಬೇಡಿ ಮಾತ್ರ. ಇಲ್ಲಿನ ತೇವಕ್ಕೆ ಬೂದಿ ಬಡಿದಂಗೆ ಬೆಳ್ಳಗಾಗ್ತದೆ. ಬ್ರಷ್ಷಲ್ಲಿ ಹಚ್ಚೋ ಮ್ಯಾಟ್ ವಾರ್ನಿಶ್ ಇದ್ಯಲ್ಲ ಅದು ಸಾಕು.

ತಟ್ಟೀಸರದ_ಹುಡುಗ (ಶಿರಸಿ)

ಬರೀ ಕಿಟಕಿ ಅಂಚು, ಹ್ಯಾಚ್ ಸುತ್ತಿನ ಕಪ್ಪು ಗೆರೆ ಇದಕ್ಕೆಲ್ಲ ಬ್ರಷ್ ಯಾಕೆ, ಪಿಗ್ಮಾ ಮೈಕ್ರಾನ್ 005 ಪೆನ್ ತಗೊಳ್ಳಿ, ಗೆರೆ 0.2 ಮಿಲಿಮೀಟರ್.

ಚೌಕಿ_ಕನ್ನಡಿ (ಹೊನ್ನಾವರ)

@ತಟ್ಟೀಸರದ_ಹುಡುಗ ಅಡ್ಡಿಲ್ಲ, ಆದ್ರೆ 1/72ಕ್ಕೆ ಅದೇ 0.2 ಅಂದ್ರೆ ಅಸಲಿ ಬೋಟಲ್ಲಿ ಒಂದೂವರೆ ಸೆಂಟಿಮೀಟರ್ ದಪ್ಪದ ಗೆರೆ ಆಗ್ತದೆ. ಹ್ಯಾಚಿಗೆ ಸರಿ, ಮುಖಕ್ಕೆ ಬೇಡ.

ಕಾಳಿ_ದಂಡೆ (ಕಾರವಾರ)

ಇಷ್ಟೆಲ್ಲ ಬರೆದಿದ್ದಕ್ಕೆ ದೊಡ್ಡ ಥ್ಯಾಂಕ್ಸ್. ಸೇತುವೆ ಇವತ್ತೇ ಮಾಡ್ತೇನೆ, ಕಣ್ಣು ಬರೆಯೋ ಯೋಚ್ನೆ ಬಿಟ್ಟೆ. ತಲೆಗೆ ಕಟ್ಕೊಳ್ಳೋ ಮ್ಯಾಗ್ನಿಫೈಯರ್ ತಗೊಳ್ಳೋದಾದ್ರೆ ಎಷ್ಟು ಪವರ್‌ದು ನೋಡ್ಬೇಕು?

ಬೆಲೇಕೇರಿ_ಬಣ್ಣ (ಅಂಕೋಲಾ)

ಎರಡು ಪಟ್ಟು ಆಸುಪಾಸಿಂದು ತಗೊಳ್ಳಿ, ಅದಕ್ಕಿಂತ ಜಾಸ್ತಿ ಪವರ್ ಆದ್ರೆ ಮೂಗಿನ ಹತ್ರ ಹಿಡೀಬೇಕಾಗ್ತದೆ, ಬ್ರಷ್ ಓಡಾಡ್ಸೋಕೆ ಜಾಗನೇ ಇರೋದಿಲ್ಲ. ಹಾಕ್ಕೊಂಡ ಮೊದಲ ದಿನ ಕೈ ಇನ್ನೂ ಜಾಸ್ತಿ ನಡುಗ್ತದೆ ಅನ್ನಿಸ್ತದೆ, ನಡುಕನೂ ದೊಡ್ಡದಾಗಿ ಕಾಣೋದಲ್ವಾ. ಕೆಲವು ದಿನದಲ್ಲಿ ಕಣ್ಣು ನೋಡಿದಂಗೆ ಕೈ ತಿದ್ಕೊಳ್ತದೆ. ಅದಕ್ಕೂ ಮೊದ್ಲು ಒಂದು ಒಳ್ಳೆ ಬಿಳಿ ಎಲ್‌ಇಡಿ ಟೇಬಲ್ ಲ್ಯಾಂಪ್, ಚಾರ್ಜ್ ಆಗೋದೇ ಆಗ್ಲಿ, ಈ ಮಳೆಲಿ ಕರೆಂಟ್ ಯಾವಾಗ ಹೋಗ್ತದೆ ಹೇಳೋಕಾಗಲ್ಲ.