ಕ್ರಲ್ಲರ್-ಮ್ಯುಲ್ಲರ್ ಮ್ಯೂಸಿಯಂ ಮತ್ತು ಶಿಲ್ಪವನ: ಆಮ್‌ಸ್ಟರ್‌ಡ್ಯಾಂನಿಂದ ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ
ಮೇ ತಿಂಗಳಲ್ಲಿ ಐದು ದಿನ ಆಮ್‌ಸ್ಟರ್‌ಡ್ಯಾಂನಲ್ಲಿ ಇರ್ತೀವಿ. ಒಂದು ದಿನ ಓಟರ್ಲೊ ಹಳ್ಳಿಯ ಹತ್ತಿರದ ಈ ಮ್ಯೂಸಿಯಂಗೆ ಹೋಗೋ ಆಸೆ. ಕಾರಿಲ್ಲ, ಅಮ್ಮನಿಗೆ ಹೆಚ್ಚು ನಡೆಯೋಕೆ ಆಗಲ್ಲ. ಎರಡು ಟಿಕೆಟ್ ತಗೋಬೇಕಂತೆ, ಯಾಕೆ? ಚಿತ್ರ ಮೊದಲು ನೋಡೋದಾ, ತೋಟ ಮೊದಲಾ?

ಉತ್ತರ 1
ಖಂಡಿತ ಆಗುತ್ತೆ, ಸೋಮವಾರ ಮಾತ್ರ ಬೇಡ. ಹಬ್ಬದ ರಜೆ ಬಿದ್ದ ಸೋಮವಾರಗಳನ್ನು ಬಿಟ್ಟರೆ ಅವತ್ತು ಮ್ಯೂಸಿಯಂ ಮುಚ್ಚಿರುತ್ತೆ.

ಮ್ಯೂಸಿಯಂ ಇರೋದು ಹೋಖೆ ವೇಲ್ಯುವೆ ರಾಷ್ಟ್ರೀಯ ಉದ್ಯಾನದ ಒಳಗೆ. ಉದ್ಯಾನದ ಗೇಟಿಗೆ ಒಂದು ಟಿಕೆಟ್, ಮ್ಯೂಸಿಯಂಗೆ ಇನ್ನೊಂದು. ಮ್ಯೂಸಿಯಂ ಕಾರ್ಡ್ (ಡಚ್ ಮ್ಯೂಸಿಯಂಗಳಿಗೆ ಸಿಗುವ ವಾರ್ಷಿಕ ಪಾಸ್) ಇದ್ದರೂ ಗೇಟಿನ ಹಣ ಬೇರೆ ಕೊಡಲೇಬೇಕು. ಎರಡನ್ನೂ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ.

ಏಡೆ-ವಾಗನಿಂಗನ್ ಸ್ಟೇಷನ್‌ವರೆಗೆ ರೈಲು, ಸುಮಾರು ಒಂದು ಗಂಟೆ. ಅಲ್ಲಿಂದ ಓಟರ್ಲೊಗೆ ಬಸ್, ಆಮೇಲೆ ಉದ್ಯಾನದೊಳಗೆ ಹೋಗುವ ಇನ್ನೊಂದು ಬಸ್. ವಾಪಸ್ ಬರುವ ಕೊನೆಯ ಬಸ್ಸಿನ ಸಮಯ ನೋಡಿಕೊಂಡೇ ಒಳಗೆ ಹೋಗಿ. ರೈಲು, ಬಸ್ ಎರಡಕ್ಕೂ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ನಡೆಯುತ್ತೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಹತ್ತುವಾಗ ತಾಗಿಸಿದ ಅದೇ ಕಾರ್ಡನ್ನು ಇಳಿಯುವಾಗಲೂ ತಾಗಿಸಿ. ಮರೆತರೆ ಪ್ರಯಾಣ ಮುಗಿದ ಲೆಕ್ಕಕ್ಕೆ ಬರದೆ ಹೆಚ್ಚು ಹಣ ಹೋಗಬಹುದು.

ಉತ್ತರ 2
ಗೇಟ್‌ಗಳಲ್ಲಿ ಬಿಳಿ ಸೈಕಲ್ ಉಚಿತ. ಓಟರ್ಲೊ ಗೇಟಿನಿಂದ ಮ್ಯೂಸಿಯಂಗೆ ಸುಮಾರು 2.5 ಕಿ.ಮೀ. ಮಾತ್ರ. ಸ್ಖಾರ್ಸ್‌ಬರ್ಗನ್ ಗೇಟಿನಿಂದಾದರೆ ಹತ್ತು ಕಿ.ಮೀ. ಹತ್ತಿರ, ಆ ಕಡೆಯಿಂದ ಹೋಗಬೇಡಿ. ಹ್ಯಾಂಡಲ್‌ನಲ್ಲಿ ಬ್ರೇಕ್ ಹುಡುಕಬೇಡಿ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತೆ. ಬೀಗ ಇರಲ್ಲ, ನೀವು ನಿಲ್ಲಿಸಿದ್ದನ್ನು ಬೇರೆಯವರು ಒಯ್ಯಬಹುದು, ನೀವು ಇನ್ನೊಂದನ್ನು ತಗೊಂಡರಾಯ್ತು. ಬುಟ್ಟಿಯಲ್ಲಿ ಬ್ಯಾಗ್ ಮಾತ್ರ ಬಿಡಬೇಡಿ. ಅಮ್ಮನಿಗೆ ಬಸ್ಸೇ ವಾಸಿ. ವೀಲ್‌ಚೇರ್ ಬೇಕಿದ್ದರೆ ಮ್ಯೂಸಿಯಂಗೆ ಮೊದಲೇ ಬರೆದು ಕೇಳಿ.

ಉತ್ತರ 3
ತೋಟ ಮೊದಲು. ಶಿಲ್ಪವನ ಮ್ಯೂಸಿಯಂಗಿಂತ ಅರ್ಧ ಗಂಟೆ ಮುಂಚೆ ಮುಚ್ಚುತ್ತೆ. ಕೊನೆಗೆ ಇಟ್ಟುಕೊಂಡವರು ಅವಸರದಲ್ಲಿ ಓಡೋಡಿ ನೋಡಬೇಕಾಗುತ್ತೆ, 25 ಹೆಕ್ಟೇರ್ ಜಾಗ ಅದು. ಪೂರ್ತಿ ಸುತ್ತೋ ಹಟ ಬೇಡ. ಮಾರ್ತಾ ಪಾನ್ ಅವರ ತೇಲುವ ಬಿಳಿ ಶಿಲ್ಪ ಕೊಳದಲ್ಲಿದೆ, ಗಾಳಿ ಬಂದ ಕಡೆಗೆ ತಿರುಗುತ್ತಾ ಇರುತ್ತೆ; ಅಮ್ಮನ ಜೊತೆ ಅಲ್ಲೇ ನಿಂತು ನಿಧಾನವಾಗಿ ನೋಡಿ. ಫ್ರೆಂಚ್ ಕಲಾವಿದ ದ್ಯುಬುಫೆಯ 1974ರ, ತೋಟದ ರೂಪದ ಬಿಳಿ-ಕಪ್ಪು ಕಲಾಕೃತಿಯ ಮೇಲೆ ಹತ್ತಿ ನಡೆಯಬಹುದು, ಆದರೆ ನೆಲ ಏರುತಗ್ಗು, ಒದ್ದೆಯಾದರೆ ಜಾರುತ್ತೆ. ಅಮ್ಮನನ್ನು ಹತ್ತಿಸಬೇಡಿ. ಕಂಚಿನ ಶಿಲ್ಪಗಳನ್ನು ಯಾರೂ ಮುಟ್ಟಬಾರದು, ಕೈಬೆವರಿನ ಉಪ್ಪಿಗೆ ಮೇಲ್ಪದರದ ಬಣ್ಣ ಹಾಳಾಗುತ್ತೆ.

ಒಳಗೆ ವ್ಯಾನ್ ಗೋ ಚಿತ್ರಗಳು ಸುಮಾರು 90 ಇವೆ, ಎಲ್ಲವೂ ಒಟ್ಟಿಗೆ ಗೋಡೆ ಮೇಲಿರಲ್ಲ. ರೇಖಾಚಿತ್ರಗಳಂತೂ ಬೆಳಕಿಗೆ ಮಾಸುವುದರಿಂದ ಸರದಿಯಲ್ಲಷ್ಟೇ ಹೊರಬರುತ್ತವೆ. 1888ರ ‘ರಾತ್ರಿಯ ಕೆಫೆ ಟೆರೇಸ್’ ಚಿತ್ರಕ್ಕೋಸ್ಕರವೇ ಹೋಗುವುದಾದರೆ, ಅದು ಬೇರೆ ಪ್ರದರ್ಶನಕ್ಕೆ ಎರವಲು ಹೋಗಿಲ್ಲ ಅಂತ ಮ್ಯೂಸಿಯಂ ಜಾಲತಾಣದಲ್ಲಿ ನೋಡಿಕೊಳ್ಳಿ. ಆಲೂಗಡ್ಡೆ ತಿನ್ನುವವರ ಚಿತ್ರದ ಮುಂಚಿನ ರೂಪ ಇಲ್ಲಿದೆ, ಕೊನೆಯ ರೂಪ ಆಮ್‌ಸ್ಟರ್‌ಡ್ಯಾಂನ ವ್ಯಾನ್ ಗೋ ಮ್ಯೂಸಿಯಂನಲ್ಲಿ. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ: ದೀಪದ ಬೆಳಕು ಮುಖಗಳ ಮೇಲೆ ಬೀಳೋದನ್ನ ಎರಡರಲ್ಲೂ ಹೋಲಿಸಿ ನೋಡಬಹುದು.