ಅಪ್‌ಡೇಟ್: ಮಳೆಗಾಲದಲ್ಲಿ ಪಿಎಚ್ ಇಳೀತಿದ್ದ ರೀಫ್ ಟ್ಯಾಂಕ್ ಸರಿಹೋಯ್ತು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ನಮ್ಮ ಮನೆಯ ಪುಟ್ಟ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಮಳೆ ಹಿಡಿದಾಗಿನಿಂದ ಪಿಎಚ್ 7.7ಕ್ಕೆ ಇಳೀತಿದೆ, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳೋ ನೀರಿನ ಶಕ್ತಿ) ಮಾತ್ರ ಸರಿಯಾಗೇ ಇದೆ, ಯಾಕೆ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು.

ಕೆಲಸ ಮಾಡಿದ್ದು, ಸ್ಕಿಮ್ಮರ್‌ನ (ಗಾಳಿ ಗುಳ್ಳೆಗಳಿಂದ ನೀರಿನ ಕೊಳೆ ತೆಗೆಯೋ ಸಾಧನ) ಗಾಳಿ ಪೈಪನ್ನು ಕಿಟಕಿಯಾಚೆ ಬಿಡಿ ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ಚಳಿಗೆ ಬಾಗಿಲು ಕಿಟಕಿ ಎಲ್ಲ ಮುಚ್ಚಿರ್ತೀವಿ, ಒಳಗೆ ಒಲೆ ಬೇರೆ. ಮನೆಯೊಳಗೆ ತುಂಬಿಕೊಂಡ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿ ಪಿಎಚ್ ಇಳಿಸ್ತಿತ್ತು. ಪೈಪಿನ ತುದಿಯನ್ನು ಸೂರಿನಡಿ ಕೆಳಮುಖವಾಗಿ ಬಗ್ಗಿಸಿ, ಸೊಳ್ಳೆ ಪರದೆಯ ತುಂಡು ಕಟ್ಟಿದ್ದೇನೆ. ಎರಚಲೂ ಹುಳವೂ ಒಳಗೆ ಬರಲ್ಲ. ಈಗ ಬೆಳಿಗ್ಗೆ 8.0, ಸಂಜೆ 8.2. ಮುದುಡಿಕೊಂಡಿದ್ದ ಜೊವಾಂತಿಡ್‌ಗಳು (ಹವಳದ ಸಂಬಂಧಿಗಳಾದ, ಹೂವಿನಂತೆ ಕಾಣೋ ಜೀವಿಗಳು) ಪೂರ್ತಿ ಅರಳಿವೆ, ನೋಡೋಕೇ ಖುಷಿ.

ಪಿಎಚ್ ಏರಿಸೋಕೆ ಹಾಕಿದ ಬಫರ್ ಪುಡಿ ಪ್ರಯೋಜನಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತು ಪಿಎಚ್ ಏರಿ ಮತ್ತೆ ಅಲ್ಲಿಗೇ ಬಂತು, ಆಲ್ಕಲಿನಿಟಿ ಮಾತ್ರ ಹೆಚ್ಚಾಯ್ತು.

ಇನ್ನೊಂದು ವಿಷಯ ನನಗೆ ಹೊಸದು. ಆವಿಯಾದಷ್ಟು ನೀರಿಗೆ ಬದಲಾಗಿ ನಾನು ಕಾಲ್ಕ್‌ವಾಸರ್, ಅಂದರೆ ಸುಣ್ಣದ ತಿಳಿನೀರು ಹಾಕ್ತೀನಿ. ಮಳೆಗಾಲದ ತೇವಕ್ಕೆ ನೀರು ಆವಿಯಾಗೋದೇ ಕಡಿಮೆ, ಹಾಗಾಗಿ ಪಿಎಚ್ ಏರಿಸೋ ಸುಣ್ಣವೂ ಕಡಿಮೆ ಬೀಳ್ತಿತ್ತು!

ಪೈಪ್ ಉದ್ದ ಬೇಕಾದರೆ ಅಗಲ ಬಾಯಿಯದ್ದೇ ತಗೊಳ್ಳಿ, ಸಪೂರ ಪೈಪಾದರೆ ಸ್ಕಿಮ್ಮರ್ ಸರಿಯಾಗಿ ಗಾಳಿ ಎಳೆಯಲ್ಲ.